ಮುಲ್ಕಿಯಿಂದ ಮಾರ್ಕ್ಸ್ ಕಾರ್ಡಿನವರೆಗೆ

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹಳೆಯ ಮಂದಿಯ ಬಾಯಲ್ಲಿ ಈಗಲೂ ಅಪರೂಪಕ್ಕೊಮ್ಮೆ ಒಂದು ಮಾತು ಕೇಳಿಬರುತ್ತದೆ: 'ಅವ್ರು ಆ ಕಾಲದಾಗ ಮುಲ್ಕಿ ಆದವ್ರು.' ಮಾತಿನಲ್ಲಿ ಎಷ್ಟು ಗೌರವವೆಂದರೆ, ಇಂದಿನ ಎರಡು ಡಿಗ್ರಿಗಳಿಗೂ ಅಷ್ಟು ಸಿಗಲಿಕ್ಕಿಲ್ಲ. ಏಳನೇ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಪರೀಕ್ಷೆಯದು. ಕಾಗದಪತ್ರಗಳಲ್ಲಿ ಅದರ ಹೆಸರು ವರ್ನಾಕ್ಯುಲರ್ ಫೈನಲ್. ನಮ್ಮ ಸೀಮೆ ಧಾರವಾಡ ಜಿಲ್ಲೆಗೆ ಸೇರಿ, ಆ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಹಳ್ಳಿಯ ಹುಡುಗನೊಬ್ಬ ಕನ್ನಡದಲ್ಲೇ ಓದಿ ಮುಟ್ಟಬಹುದಾಗಿದ್ದ ದೊಡ್ಡ ಮೆಟ್ಟಿಲು ಅದೇ ಆಗಿತ್ತು. ಮುಲ್ಕಿ ಪಾಸಾದರೆ ಕನ್ನಡ ಶಾಲೆಯ ಮಾಸ್ತರಿಕೆ ಸಿಗಬಹುದಿತ್ತು, ತಲಾಟಿಯ ಕೆಲಸ ಸಿಗಬಹುದಿತ್ತು.

ಆ ಪರೀಕ್ಷೆ ಯಾರಿಗಾಗಿ ಹುಟ್ಟಿತು ಎಂಬುದನ್ನು ನಾವು ಸ್ವಲ್ಪ ಗಮನಿಸಬೇಕು. ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಾಯಿಗೆ ತಿಳಿಸಲು ಅದು ಹುಟ್ಟಲಿಲ್ಲ. ಸರಕಾರಕ್ಕೆ ಲೆಕ್ಕ ಬರೆಯುವವರು ಬೇಕಾಗಿತ್ತು, ಶಾಲೆಗೆ ಕಲಿಸುವವರು ಬೇಕಾಗಿತ್ತು. ಸಾವಿರಾರು ಹುಡುಗರಲ್ಲಿ ಇಂಥವರನ್ನು ಆರಿಸಿಕೊಳ್ಳಲು ಒಂದು ಜರಡಿ ಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಪ್ರಾಂತದ ಸಹಾಯಧನದ ಶಾಲೆಗಳಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಇನ್‌ಸ್ಪೆಕ್ಟರರು ಬಂದು ಮಕ್ಕಳನ್ನು ಪರೀಕ್ಷೆ ಮಾಡುವರು. ಎಷ್ಟು ಮಕ್ಕಳು ಪಾಸೋ ಆ ಮೇರೆಗೆ ಶಾಲೆಗೆ ಹಣ. ಹೀಗಾಗಿ ಮಗುವಿನ ಓದು ಶಾಲೆಯ ಜಮಾ ಖರ್ಚಿನ ವಹಿಯಲ್ಲಿ ಒಂದು ಕಲಮು ಆಯಿತು. ನಮ್ಮಲ್ಲಿ ಕನ್ನಡ ಶಾಲೆಗಳಿಗಾಗಿ ಅಪಾರವಾಗಿ ದುಡಿದ ಚನ್ನಬಸಪ್ಪನವರಿಗೆ 'ಡೆಪ್ಯೂಟಿ' ಎಂಬುದು ಹೆಸರಿಗೇ ಅಂಟಿಕೊಂಡಿತು. ಶಾಲಾ ತನಿಖೆಯ ಅಧಿಕಾರಿಗೆ ಆ ಕಾಲದಲ್ಲಿದ್ದ ವಜನು ಎಂಥದೆಂದು ಇದರಿಂದಲೇ ತಿಳಿದೀತು.

ನನ್ನ ಅಜ್ಜಿ ಮುಲ್ಕಿಯವರೆಗೆ ಹೋಗಲಿಲ್ಲ. 'ನಾ ನಾಕನೇತ್ತೆ ಕಲತೀನಿ' ಎಂದು ಕೊನೆಯವರೆಗೂ ಅಭಿಮಾನದಿಂದ ಹೇಳುತ್ತಿದ್ದಳು. ಅವಳ ಅಣ್ಣ ಮುಲ್ಕಿಗೆ ಕೂತದ್ದು, ಚಕ್ಕಡಿ ಹೂಡಿಸಿಕೊಂಡು ಬುತ್ತಿ ಕಟ್ಟಿಸಿಕೊಂಡು ಪರೀಕ್ಷೆಯ ಊರಿಗೆ ಹೋದದ್ದು, ಒಂದು ವಿಷಯದಲ್ಲಿ ಬಿದ್ದು ಮರುವರ್ಷ ಮತ್ತೆ ಹೋದದ್ದು, ಎಲ್ಲವೂ ಮನೆಯಲ್ಲಿ ಕಥೆಯಾಗಿ ಉಳಿದಿತ್ತು. ಅಜ್ಜಿಯ ಲೆಕ್ಕ ಮಾತ್ರ ಅಣ್ಣನಿಗಿಂತ ಚುರುಕು. ಸಂತೆಯಲ್ಲಿ ಅಡಿಕೆಯವನು ಬಾಯಿ ತೆರೆಯುವುದರೊಳಗೆ ಅವಳು ಅಣೆ, ಪೈ ಕೂಡಿಸಿ ಮುಗಿಸುತ್ತಿದ್ದಳಂತೆ. ಅದನ್ನು ಅಳೆಯುವ ಪರೀಕ್ಷೆ ಯಾವುದೂ ಅವಳ ಬಾಗಿಲಿಗೆ ಬರಲಿಲ್ಲ. ಅಣ್ಣನಿಗೆ ಮರುವರ್ಷವಿತ್ತು; ತಂಗಿಗೆ ಮೊದಲ ವರ್ಷವೇ ಇರಲಿಲ್ಲ.

ಮುಲ್ಕಿಗಿಂತ ಮೇಲಿನದು ಮ್ಯಾಟ್ರಿಕ್ಯುಲೇಶನ್. ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. ಎರಡು ವರ್ಷಗಳ ನಂತರ ಅದರ ಮೊದಲ ಮ್ಯಾಟ್ರಿಕ್ ಪರೀಕ್ಷೆ ನಡೆಯಿತು. ಮಹಾದೇವ ಗೋವಿಂದ ರಾನಡೆಯವರು ಪಾಸಾದದ್ದು ಆ ಮೊದಲ ತಂಡದಲ್ಲಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗಲು 1917ರವರೆಗೆ ಕಾಯಬೇಕಾಯಿತು. ಅಲ್ಲಿಯತನಕ ನಮ್ಮ ಹುಡುಗರು ಕಾಲೇಜಿಗೆಂದು ಪುಣೆ, ಮುಂಬಯಿಯ ದಾರಿ ಹಿಡಿಯಬೇಕಿತ್ತು. ಉತ್ತರಪತ್ರಿಕೆ ತಿದ್ದುವವರು ಎಲ್ಲೋ, ಬರೆದವರು ಎಲ್ಲೋ. ಕಾಣದ ಕೈಯೊಂದು ಕೊಟ್ಟ ಅಂಕೆಯನ್ನು ದೇವರ ಅಪ್ಪಣೆಯಂತೆ ಸ್ವೀಕರಿಸುವ ಅಭ್ಯಾಸ ನಮಗೆ ಹತ್ತಿದ್ದು ಆ ಕಾಲದಲ್ಲಿಯೇ ಎಂದು ನನಗೆ ಅನಿಸುತ್ತದೆ.

ಆದರೆ ಆ ಕೈ ಎಷ್ಟು ಗಟ್ಟಿಯಾದದ್ದು? ಅಮೇರಿಕೆಯಲ್ಲಿ 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಸಂಶೋಧಕರು ಒಂದು ಸರಳವಾದ ಪ್ರಯೋಗ ಮಾಡಿದರು. ಇಂಗ್ಲಿಷ್ ವಿಷಯದ ಒಂದೇ ಉತ್ತರಪತ್ರಿಕೆಯನ್ನು ಅಚ್ಚು ಮಾಡಿಸಿ ನೂರಾರು ಶಾಲೆಗಳ ಶಿಕ್ಷಕರಿಗೆ ತಿದ್ದಲು ಕಳಿಸಿದರು. ಬರೆದದ್ದು ಒಂದೇ, ಅಕ್ಷರವೂ ಒಂದೇ. ಬಂದ ಅಂಕಗಳು ಮಾತ್ರ ಅರವತ್ತರ ಆಸುಪಾಸಿನಿಂದ ತೊಂಬತ್ತರ ಆಚೆಯವರೆಗೆ ಚದುರಿಹೋದವು. ಗಣಿತದಲ್ಲಾದರೂ ಹೀಗಾಗಲಿಕ್ಕಿಲ್ಲವೆಂದು ರೇಖಾಗಣಿತದ ಪತ್ರಿಕೆ ಕಳಿಸಿದರು. ಅಲ್ಲಿ ಅಂತರ ಇನ್ನೂ ಹೆಚ್ಚಾಯಿತು! ಇಂದು ನಮ್ಮ ಮಂಡಳಿ ಉತ್ತರಪತ್ರಿಕೆಯ ನಕಲು ಪಡೆಯಲು, ಮರುಮೌಲ್ಯಮಾಪನ ಕೇಳಲು ಅವಕಾಶ ಕೊಟ್ಟಿರುವುದು ಸುಮ್ಮನೆ ಅಲ್ಲ. ಮಾದರಿ ಉತ್ತರ ಕೊಟ್ಟು, ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆ, ಒಂದೇ ವೇಳೆ, ಒಂದೇ ಬಗೆಯ ತಿದ್ದುವಿಕೆ ಎಂದು ನಿಯಮ ಕಟ್ಟುವುದೂ ಇದೇ ಕಾರಣಕ್ಕೆ. ಹೀಗೆ ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವುದನ್ನು ಪ್ರಮಾಣೀಕರಣ ಎನ್ನುತ್ತಾರೆ. ಅದರಿಂದ ತಪ್ಪು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಎರಡು ಅಂಕ ಹೆಚ್ಚು ಬಂದ ಮಗಳು ಎರಡು ಅಂಕ ಕಡಿಮೆ ಬಂದ ಗೆಳತಿಗಿಂತ ಜಾಣೆ ಎಂದು ಯಾವ ಅಂಕಪಟ್ಟಿಯೂ ಸಾಕ್ಷಿ ಹೇಳಲಾರದು.

ಈ ಪ್ರಮಾಣೀಕರಣದ ಕೆಲಸ ಕನ್ನಡದಲ್ಲಿ, ಅದೂ ನಮ್ಮ ಧಾರವಾಡದಲ್ಲಿಯೇ ನಡೆದಿತ್ತೆಂಬುದು ಬಹಳ ಜನಕ್ಕೆ ತಿಳಿದಿಲ್ಲ. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಎಂಬ ಮನೋವಿಜ್ಞಾನಿ 1905ರಲ್ಲಿ ಬುದ್ಧಿಯನ್ನು ಅಳೆಯುವ ಪ್ರಶ್ನೆಗಳನ್ನು ರಚಿಸಿದ. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಸಹಾಯ ಒದಗಿಸುವುದು ಅವನ ಉದ್ದೇಶ. ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಇವನು ಮೇಲು, ಇವಳು ಕೀಳು ಎನ್ನಲು ಅದನ್ನು ಬಳಸಬಾರದೆಂಬುದು ಅವನ ಅಭಿಪ್ರಾಯವಾಗಿತ್ತು. 1916ರಲ್ಲಿ ಅಮೇರಿಕೆಯ ಟರ್ಮನ್ ಅದನ್ನು ತಮ್ಮ ದೇಶಕ್ಕೆ ಹೊಂದಿಸಿದರು. ಅಲ್ಲಿಂದ ಅದನ್ನು ನಮ್ಮ ಸೀಮೆಗೆ ತಂದವರು ವಿ. ವಿ. ಕಾಮತ್ ಅವರು. ಕನ್ನಡ ಮತ್ತು ಮರಾಠಿ ಆಡುವ ಮಕ್ಕಳ ಮೇಲೆ ಪ್ರಯೋಗಿಸಿ, ಪ್ರಶ್ನೆಗಳನ್ನು ಬದಲಿಸಿ ತಿದ್ದಿ, 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಅವರು ಅದರ ಬಗ್ಗೆ ಬರೆದರು. 1940ರಲ್ಲಿ ಪುಸ್ತಕವೂ ಬಂತು. ಇದಕ್ಕೆ ಮುಂಬಯಿ-ಕರ್ನಾಟಕ ಆವೃತ್ತಿ ಎಂದು ಹೆಸರು. ವೈದ್ಯರ ಬಾಯಲ್ಲಿ ಬಿನೆ-ಕಾಮತ್ ಪರೀಕ್ಷೆ.

ಬದಲಿಸಿದ್ದು ಯಾಕೆ ಎಂದು ಕೇಳಿದರೆ ಉತ್ತರ ನಮ್ಮ ಮನೆಯಲ್ಲೇ ಇದೆ. ಅಮೇರಿಕೆಯ ಮಗುವಿಗೆ ಅಲ್ಲಿಯ ನಾಣ್ಯ ತೋರಿಸಿ ಹೆಸರು ಹೇಳು ಎನ್ನುವುದು ಟರ್ಮನ್ನರ ಒಂದು ಪ್ರಶ್ನೆ. ಆ ನಾಣ್ಯವನ್ನು ಬ್ಯಾಡಗಿಯ ಮಗುವಿಗೆ ತೋರಿಸಿದರೆ ಅದು ಪಿಳಿಪಿಳಿ ನೋಡೀತು. ಆ ಕಣ್ಣಿನಲ್ಲಿ ಬುದ್ಧಿಯ ಕೊರತೆ ಇಲ್ಲ, ನೋಡಿದ ನೆನಪಿನ ಕೊರತೆ ಇದೆ. ಅದರ ಲೆಕ್ಕವೂ ಸುಲಭ. ಹತ್ತು ವರ್ಷದ ಮಗು ಎಂಟು ವರ್ಷದ ಮಕ್ಕಳು ಸಾಮಾನ್ಯವಾಗಿ ಉತ್ತರಿಸುವಷ್ಟನ್ನು ಉತ್ತರಿಸಿದರೆ, ಎಂಟನ್ನು ಹತ್ತರಿಂದ ಭಾಗಿಸಿ ನೂರರಿಂದ ಗುಣಿಸಿ 80 ಎನ್ನುತ್ತಾರೆ. ಈ 80 ಎಂಬುದು ನೂರಕ್ಕೆ ಎಂಬತ್ತು ಅಂಕವೂ ಅಲ್ಲ, ಮಗುವಿನ ಹಣೆಬರಹವೂ ಅಲ್ಲ. ಅದು ಒಂದು ಹೋಲಿಕೆ. ಯಾವ ಮಕ್ಕಳ ಜೊತೆಗೆ ಹೋಲಿಕೆ ಎಂಬುದೇ ಅದರ ಜೀವ. ಮೂವತ್ತರ ದಶಕದ ಮಕ್ಕಳನ್ನು ನೋಡಿ ಗುರುತು ಹಾಕಿದ ಕೋಲಿನಿಂದ ಇಂದಿನ ಮಕ್ಕಳನ್ನು ಅಳೆದರೆ ಅಳತೆ ಸರಿಬರುವುದಿಲ್ಲವೆಂದು ಮನೋವಿಜ್ಞಾನಿಗಳೇ ಆಕ್ಷೇಪಿಸಿದ್ದಾರೆ. ತಲೆಮಾರಿನಿಂದ ತಲೆಮಾರಿಗೆ ಇಂಥ ಪರೀಕ್ಷೆಗಳ ಅಂಕ ಏರುತ್ತಲೇ ಬಂದಿದೆ ಎಂಬುದನ್ನು ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸರು ಎಂಬತ್ತರ ದಶಕದಲ್ಲಿ ಅನೇಕ ದೇಶಗಳ ಲೆಕ್ಕ ಹಿಡಿದು ತೋರಿಸಿದರು.

1956ರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂತು. ಮುಲ್ಕಿ ಮರೆಯಾಗಿ ಎಸ್.ಎಸ್.ಎಲ್.ಸಿ. ಮನೆಮಾತಾಯಿತು. ಅಂಕ ಎಂಬುದು ಎಂಥ ಕಿಚ್ಚು ಹಚ್ಚಬಲ್ಲದು ಎಂಬುದನ್ನು ಎಂಬತ್ತರ ದಶಕ ತೋರಿಸಿತು. ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ವರದಿ ಕೊಟ್ಟಿತು: ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕಗಳಿರಬೇಕು. ಮರುವರ್ಷ ಸಾಹಿತಿಗಳು, ವಿದ್ಯಾರ್ಥಿಗಳು, ರಾಜಕುಮಾರ್ ಅವರು ಬೀದಿಗಿಳಿದ ಗೋಕಾಕ್ ಚಳವಳಿ ನಮಗೆಲ್ಲ ನೆನಪಿದೆ. ಭಾಷೆಯ ಮಾನದ ಪ್ರಶ್ನೆ ಅಂಕಪಟ್ಟಿಯ ಒಂದು ಸಾಲಿನಲ್ಲಿ ಬಂದು ಕೂತಿತ್ತು. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು, ಒಟ್ಟು 625 ಎಂಬ ಲೆಕ್ಕವನ್ನು ಬಾಯಿಪಾಠ ಮಾಡಿರುವ ತಾಯಂದಿರು ಇಷ್ಟು ತಿಳಿದರೆ ಸಾಕು: ಯಾವ ವಿಷಯಕ್ಕೆ ಎಷ್ಟು ತೂಕ ಎಂಬುದನ್ನು ಮನುಷ್ಯರು ಕೂತು, ಜಗಳಾಡಿ, ನಿರ್ಧರಿಸುತ್ತಾರೆ. ಅದು ಆಕಾಶದಿಂದ ಇಳಿದು ಬಂದದ್ದಲ್ಲ.

ಪಾಸಿನ ಗೆರೆಯೂ ಹಾಗೆಯೇ. ನಮ್ಮ ತಲೆಮಾರಿಗೆ 35 ಎಂದರೆ ಲಕ್ಷ್ಮಣರೇಖೆ. 2025ರ ಅಕ್ಟೋಬರಿನಲ್ಲಿ ಸರಕಾರ ಅದನ್ನು ಬದಲಿಸುವುದಾಗಿ ಪ್ರಕಟಿಸಿತು: 2025-26ನೇ ಸಾಲಿನಿಂದ ಒಟ್ಟು ಶೇಕಡಾ 33, ಅಂದರೆ 625ಕ್ಕೆ 206, ಒಂದೊಂದು ವಿಷಯದಲ್ಲಿ ಕನಿಷ್ಠ 30. ಇದು ಸರಿಯೋ ತಪ್ಪೋ ಎಂದು ವಾದಿಸುವವರು ವಾದಿಸಲಿ. ನಾನು ಕೇಳುವುದು ಇಷ್ಟೇ: ನಿನ್ನೆ 34 ಪಡೆದು ನಪಾಸಾದ ಹುಡುಗಿಗೂ ನಾಳೆ 34 ಪಡೆದು ಪಾಸಾಗುವ ಹುಡುಗಿಗೂ ತಿಳಿವಿನಲ್ಲಿ ಏನು ವ್ಯತ್ಯಾಸ?

ಈ ಪ್ರಶ್ನೆ ನನ್ನನ್ನು ಕಾಡಲು ಕಾರಣವಿದೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತಳಾದವಳು. 2025ರ ಮೇ ತಿಂಗಳಲ್ಲಿ ಫಲಿತಾಂಶ ಬಂದ ವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು.

'ಅಕ್ಕೋರ, ಹುಡುಗಿ ನಪಾಸ ಆಗ್ಯಾಳ್ರಿ. ಇನ್ನ ಸಾಲಿ ಸಾಕ್ರಿ. ನನ್ನ ಕೂಡ ಕೆಲಸಕ್ಕ ಕರಕೊಂಡ ಹೋಗತೀನಿ. ಬರೋ ವರ್ಷ ಎಲ್ಲ್ಯಾರ ನೋಡಿ ಲಗ್ನ ಮಾಡತೀವ್ರಿ' ಎಂದಳು. ಹುಡುಗಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಕಾಯಿದೆ ಹದಿನೆಂಟು ಎನ್ನುತ್ತದೆ. ಅಂಕಪಟ್ಟಿ ಕಾಯಿದೆಗಿಂತ ದೊಡ್ಡದಾಗಿ ಬಿಟ್ಟಿತ್ತು.

ನಾನು ಅಂಕಗಳನ್ನು ಒಂದು ಹಾಳೆಯಲ್ಲಿ ಬರೆದೆ. ಕನ್ನಡ 98, ಸಮಾಜ 71, ಹಿಂದಿ 60, ವಿಜ್ಞಾನ 44, ಇಂಗ್ಲಿಷ್ 41, ಗಣಿತ 21. ಒಟ್ಟು 335. ಅರ್ಧಕ್ಕಿಂತ ಹೆಚ್ಚು! ಆರು ವಿಷಯಗಳಲ್ಲಿ ಐದನ್ನು ದಾಟಿದ ಹುಡುಗಿಯನ್ನು ಮನೆಯವರು, ಓಣಿಯವರು, ಅವಳೂ ಸೇರಿ 'ನಪಾಸು' ಎಂಬ ಒಂದೇ ಶಬ್ದದಿಂದ ಕರೆಯುತ್ತಿದ್ದರು. ಇಂಥ ಅನ್ಯಾಯ ಆಗಬಾರದೆಂದೇ 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಪ್ರಮಾಣಪತ್ರದಲ್ಲಿ ಒಂದೊಂದು ವಿಷಯದ ಸಾಧನೆಯನ್ನಷ್ಟೇ ತೋರಿಸಿ, ಒಟ್ಟಾರೆ ಪಾಸು-ನಪಾಸು ಎಂದು ಬರೆಯದಿರುವಂತೆ ಸಲಹೆ ಮಾಡಿತ್ತು. ಅದಕ್ಕೂ ಮೊದಲು, 1929ರಲ್ಲಿಯೇ ಹಾರ್ಟಾಗ್ ಸಮಿತಿ, ಒಂದೇ ತರಗತಿಯಲ್ಲಿ ಕೊಳೆತು ನಡುವೆಯೇ ಶಾಲೆ ಬಿಡುವ ಮಕ್ಕಳ ಬಗೆಗೆ ಎಚ್ಚರಿಸಿತ್ತು.

'ನಿಮ್ಮ ಹುಡುಗ ಹೋದ ಸಲ ಮೂರು ವಿಷಯಕ್ಕ ಬಿದ್ದಿದ್ನಲ್ಲವಾ, ಅವಗ ಏನ ಮಾಡಿದಿ?' ಎಂದು ಕೇಳಿದೆ.

'ಟ್ಯೂಷನ್ ಹಚ್ಚಿದ್ವಿರಿ' ಎಂದು ತಲೆ ತಗ್ಗಿಸಿದಳು.

ನಾನು ಇನ್ನೇನೂ ಹೇಳಬೇಕಾಗಲಿಲ್ಲ. ಮೆಣಸಿನಕಾಯಿಯ ಮಾತನ್ನೇ ತೆಗೆದೆ. ಬ್ಯಾಡಗಿ ಕಾಯಿ ಖಾರದಲ್ಲಿ ಗುಂಟೂರಿನ ಕಾಯಿಗೆ ಸಾಟಿಯಲ್ಲ. ಖಾರವೊಂದನ್ನೇ ಅಳೆದು ಪರೀಕ್ಷೆ ಮಾಡಿದರೆ ಅದು ನಪಾಸು. ಅದರ ಬೆಲೆ ಇರುವುದು ಬಣ್ಣದಲ್ಲಿ. ಸುಕ್ಕುಸುಕ್ಕಾದ ಆ ಕಾಯಿಯ ಕೆಂಪಿಗಾಗಿ ದೂರದೂರದ ವ್ಯಾಪಾರಿಗಳು ಬರುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ದಿನವಿಡೀ ಕಾಯಿ ಆರಿಸುವ ಆ ತಾಯಿಗೆ ನಾನು ಇದನ್ನು ವಿವರಿಸಬೇಕೇ? ಏನನ್ನು ಅಳೆಯುತ್ತಿದ್ದೇವೆ ಎಂಬುದರ ಮೇಲೆ ಅಳತೆ ನಿಂತಿದೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮಗಳ ವಿಷಯದಲ್ಲಿ ಮಾತ್ರ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ.

2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಹುಡುಗಿ ಎರಡನೆಯದಕ್ಕೆ ಕೂತಳು. ಗಣಿತದಲ್ಲಿ 38 ಬಂತು. ಮೇ ತಿಂಗಳಲ್ಲಿ ಕೂಲಿಗೆ, ಲಗ್ನಕ್ಕೆ ಗೊತ್ತಾಗಿದ್ದವಳು ಜೂನಿನಲ್ಲಿ ಪಿ.ಯು.ಸಿ.ಗೆ ಅರ್ಜಿ ತುಂಬಿದಳು. ಹುಡುಗಿ ಅವಳೇ.

ಇನ್ನು ಬೇರೆ ಬಗೆಯ ಅಂಕೆಗಳೂ ಮನೆಗೆ ಬರುತ್ತವೆ. ಅವುಗಳನ್ನು ಒಂದರ ಜೊತೆ ಒಂದನ್ನು ಕಲೆಸಬಾರದು. ಶೇಕಡಾ ಎಂದರೆ ನೂರಕ್ಕೆ ಎಷ್ಟು ಅಂಕ ಎಂಬುದು. ಇಂಜಿನಿಯರಿಂಗಿನ ಜೆ.ಇ.ಇ.ಯಂಥ ಪರೀಕ್ಷೆಗಳಲ್ಲಿ ಕೊಡುವ ಪರ್ಸೆಂಟೈಲ್ ಬೇರೆಯೇ. 90 ಪರ್ಸೆಂಟೈಲ್ ಎಂದರೆ ಪರೀಕ್ಷೆಗೆ ಕೂತ ನೂರು ಜನರಲ್ಲಿ ತೊಂಬತ್ತು ಜನ ನಿಮ್ಮ ಮಗಳಷ್ಟೇ ಅಥವಾ ಅವಳಿಗಿಂತ ಕಡಿಮೆ ಪಡೆದಿದ್ದಾರೆ ಎಂದರ್ಥ. ಪ್ರಶ್ನೆಪತ್ರಿಕೆ ಕಠಿಣವಿದ್ದರೆ ಅರ್ಧದಷ್ಟು ಅಂಕವೂ ಇಲ್ಲದೆ ಆ ಸ್ಥಾನ ಸಿಗಬಹುದು. ರ‍್ಯಾಂಕು ಕೂಡ ಹೀಗೆಯೇ, ಉಳಿದವರ ಓದಿನ ಮೇಲೆ ಏರಿಳಿಯುವಂಥದು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಪ್ರತಿವರ್ಷ ಪತ್ರಿಕೆಯಲ್ಲಿ 'ನಮ್ಮ ಜಿಲ್ಲೆ ಎಷ್ಟನೆಯದು' ಎಂದು ಹುಡುಕುವ ಚಟ ನಮಗೆಲ್ಲ ಹತ್ತಿದೆ. ನಮ್ಮ ಮಕ್ಕಳು ಹೋದ ವರ್ಷದಷ್ಟೇ ಚೆನ್ನಾಗಿ ಬರೆದಿದ್ದರೂ, ಬೇರೆ ಜಿಲ್ಲೆಯವರು ಮುಂದೆ ಹೋದರೆ ನಮ್ಮ ಸ್ಥಾನ ಇಳಿಯುತ್ತದೆ. ಅದನ್ನು ಹಿಡಿದುಕೊಂಡು ಮನೆಯ ಹುಡುಗಿಗೆ ಬಯ್ದು ಏನು ಫಲ?

ಮೂರನೆಯದು ಸಮೀಕ್ಷೆ. 2017, 2021ರಲ್ಲಿ ರಾಷ್ಟ್ರೀಯ ಸಾಧನಾ ಸಮೀಕ್ಷೆ ನಡೆಯಿತು. 2024ರ ಡಿಸೆಂಬರಿನಲ್ಲಿ ಮೂರು, ಆರು, ಒಂಬತ್ತನೇ ತರಗತಿಗಳಿಗೆ ಪರಖ್ ಹೆಸರಿನಲ್ಲಿ ನಡೆಯಿತು. 'ನನ್ನ ಮಗಳಿಗೆ ಅದರಲ್ಲಿ ಎಷ್ಟು ಬಂತು' ಎಂದು ಕೇಳಿದ ತಾಯಂದಿರಿದ್ದಾರೆ. ಅದರಲ್ಲಿ ಮಗುವಿಗೆ ಅಂಕ ಕೊಡುವುದೇ ಇಲ್ಲ. ರಾಣೆಬೆನ್ನೂರಿನ ಬೀಜದ ವ್ಯವಹಾರ ಬಲ್ಲವರಿಗೆ ಇದು ಕೂಡಲೇ ತಿಳಿಯುತ್ತದೆ. ಪೊಟ್ಟಣದ ಮೇಲೆ ಮೊಳಕೆಯ ಪ್ರಮಾಣ ಶೇಕಡಾ ಇಷ್ಟು ಎಂದು ಬರೆದಿರುತ್ತದೆ. ರಾಶಿಯಿಂದ ಸ್ವಲ್ಪ ಬೀಜ ತೆಗೆದು ಮೊಳಕೆ ಬರಿಸಿ ನೋಡಿ ಹಾಕಿದ ಅಂಕೆಯದು. ಅದು ರಾಶಿಯ ಗುಣ ಹೇಳುತ್ತದೆ. ನಿಮ್ಮ ಅಂಗೈಯಲ್ಲಿರುವ ಈ ಒಂದು ಬೀಜ ಮೊಳೆಯುತ್ತದೋ ಇಲ್ಲವೋ ಎಂದು ಹೇಳುವುದಿಲ್ಲ. ಸಮೀಕ್ಷೆಯ ಅಂಕೆ ಕೆಟ್ಟದಾಗಿದ್ದರೆ ಪ್ರಶ್ನೆ ಕೇಳಬೇಕಾದದ್ದು ಮಗುವನ್ನಲ್ಲ. ಶಾಲೆಯಲ್ಲಿ ಶಿಕ್ಷಕರಿದ್ದಾರೆಯೇ, ಪುಸ್ತಕ ವೇಳೆಗೆ ಬಂದವೇ ಎಂದು ವ್ಯವಸ್ಥೆಯನ್ನು.

ಪರೀಕ್ಷೆಯೇ ಬೇಡ ಎನ್ನುವವಳು ನಾನಲ್ಲ. ಐದು ಮತ್ತು ಎಂಟನೇ ತರಗತಿಗೆ ಮಂಡಳಿಯ ಪರೀಕ್ಷೆ ಇರಬೇಕೇ ಎಂಬ ಜಗಳ 2023, 2024ರಲ್ಲಿ ನ್ಯಾಯಾಲಯಗಳನ್ನು ಹತ್ತಿ ಇಳಿಯಿತು. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಟ್ಟಿತು. ಆಗಲೂ ನನಗೆ ಅನಿಸಿದ್ದು, ಪರೀಕ್ಷೆ ಇದ್ದರೆ ಭಯವಿಲ್ಲ, ಅದರ ಅಂಕೆಯನ್ನು ಓದಲು ಬಾರದವರ ಕೈಯಲ್ಲಿ ಅದು ಸಿಕ್ಕರೆ ಭಯ. ಯಾರ ಕೈಯೂ ಇಲ್ಲದ ಮೊದಲಿನ ಕಾಲಕ್ಕಿಂತ, ಎಲ್ಲರಿಗೂ ಒಂದೇ ಪ್ರಶ್ನೆ ಕೊಡುವ ಪರೀಕ್ಷೆ ಬಡವರ ಮಗಳಿಗೆ ಎಷ್ಟೋ ಸಲ ಬಾಗಿಲು ತೆರೆದಿದೆ. ಶಿಫಾರಸು ಇಲ್ಲದವಳಿಗೆ ಅಂಕಪಟ್ಟಿಯೇ ಶಿಫಾರಸು.

ಆದ್ದರಿಂದ ಮುಂದಿನ ಪಾಲಕರ ಸಭೆಗೆ ಹೋದಾಗ 'ಎಷ್ಟು ಬಂತು' ಎಂದು ಒಂದೇ ಕೇಳಿ ಎದ್ದು ಬರಬೇಡಿ. ಈ ಅಂಕ ಯಾವುದಕ್ಕೆ ಹೋಲಿಸಿದ್ದು, ಪಾಸಿನ ಗೆರೆಗೋ, ಬೇರೆ ಮಕ್ಕಳಿಗೋ, ಇವಳ ಹೋದ ತಿಂಗಳಿಗೋ ಎಂದು ಕೇಳಿ. ಯಾವ ಪಾಠ ತಿಳಿದಿಲ್ಲ, ಉತ್ತರಪತ್ರಿಕೆ ತೋರಿಸಿ ಎನ್ನಿ. ಮತ್ತೊಮ್ಮೆ ಬರೆಯಲು ದಾರಿ ಏನು ಎಂದು ಕೇಳಿ. ಮಗನಿಗೆ ಕೇಳುವಷ್ಟೇ ಗಟ್ಟಿಯಾಗಿ ಮಗಳಿಗೂ ಕೇಳಿ. ಮುಲ್ಕಿಯ ಕಾಲದಿಂದ ಇಂದಿನವರೆಗೆ ಪರೀಕ್ಷೆಗಳನ್ನು ಯಾರಾರೋ ತಮತಮಗೆ ಬೇಕಾದದ್ದಕ್ಕಾಗಿ ಕಟ್ಟಿದ್ದಾರೆ. ಅದರಲ್ಲಿ ನಮ್ಮ ಮಗುವಿಗೆ ಬೇಕಾದದ್ದನ್ನು ಆರಿಸಿ ತೆಗೆದುಕೊಳ್ಳುವ ಕೆಲಸ ನಮ್ಮದು. ಮರದಲ್ಲಿ ಅಕ್ಕಿ ಹಸನು ಮಾಡಿ ಕಲ್ಲು ಬೇರೆ, ಕಾಳು ಬೇರೆ ಮಾಡಿದ ಕೈಗಳಿಗೆ ಅದೇನು ಹೊಸದಲ್ಲ.